ರಾಸುಗಳ ಉಣ್ಣೆ ನಿಯಂತ್ರಣಕ್ಕೆ ಸಸ್ಯಸಾರ

ಹಸುವಿನ ಕಿವಿಯ ಒಳಭಾಗ, ಗಂಗೆದೊಗಲು, ಕೆಚ್ಚಲಿನ ಸುತ್ತ ಮತ್ತು ಬಾಲದ ಬುಡದಲ್ಲಿ ಕಚ್ಚಿಕೊಂಡಿರುವ ಉಣ್ಣೆಗಳನ್ನು ಕಾಣದ ಪಶುಪಾಲಕರು ವಿರಳ. ಕೆಲವೆಡೆ ಉಣುಗು ಎಂದೂ ಕರೆಯಲಾಗುವ ಈ ಪರೋಪಜೀವಿಯನ್ನು ಸಣ್ಣ ಉಪದ್ರವವೆಂದು ಕಡೆಗಣಿಸುವವರೇ ಹೆಚ್ಚು. ಒಂದೆರಡು ರಾಸುಗಳ ಹಾಲಿನಿಂದಲೇ ಜೀವನ ಸಾಗಿಸುವ ಕುಟುಂಬಕ್ಕೆ ಈ ಅಲಕ್ಷ್ಯ ದುಬಾರಿಯಾಗಿ ಪರಿಣಮಿಸಬಹುದು. ಮನೆಯಂಗಳದಲ್ಲಿ ದೊರೆಯುವ ಸಸ್ಯಗಳ ಸಾರದಿಂದ ಉಣ್ಣೆಯನ್ನು ಹತೋಟಿಯಲ್ಲಿಡಲು ಸಾಧ್ಯವಿದೆ. ಆದರೆ ಅದನ್ನು ಕ್ರಮವರಿತು ಬಳಸಬೇಕು.

ಉಣ್ಣೆಯಿಂದಾಗುವ ಹಾನಿ

ಉಣ್ಣೆಯಿಂದಾಗುವ ಹಾನಿ ಮೂರು ಬಗೆಯದು. ಮೊದಲನೆಯದು ರಕ್ತನಷ್ಟ. ಪೂರ್ಣ ಬೆಳೆದ ಒಂದು ಹೆಣ್ಣು ಉಣ್ಣೆ ಅರ್ಧ ಮಿಲಿಲೀಟರಿಗೂ ಹೆಚ್ಚು ರಕ್ತವನ್ನು ಹೀರುತ್ತದೆ. ನೂರಾರು ಉಣ್ಣೆಗಳು ಕಚ್ಚಿದಾಗ ರಾಸು ಬಡಕಲಾಗಿ ಹಾಲಿನ ಇಳುವರಿ ಕುಗ್ಗುತ್ತದೆ. ಎರಡನೆಯದು ರೋಗ. ಥೈಲೇರಿಯಾ, ಬೆಬೀಸಿಯಾ ಮತ್ತು ಅನಾಪ್ಲಾಸ್ಮಾ ಎಂಬ ರೋಗಾಣುಗಳನ್ನು ಒಂದು ರಾಸಿನಿಂದ ಮತ್ತೊಂದಕ್ಕೆ ಸಾಗಿಸುವುದು ಉಣ್ಣೆಗಳೇ. ಅಧಿಕ ಹಾಲು ನೀಡುವ ಮಿಶ್ರತಳಿ ಹಸುಗಳು ನಾಟಿ ತಳಿಗಳಿಗಿಂತ ಸುಲಭವಾಗಿ ಇವುಗಳಿಗೆ ತುತ್ತಾಗುತ್ತವೆ.

ಮೂರನೆಯ ಹಾನಿ ಪಶುಪಾಲಕರ ಗಮನಕ್ಕೆ ಬಾರದೆ ಹೋಗುತ್ತದೆ. ಉಣ್ಣೆ ಕಚ್ಚಿದ ಗಾಯ ಮಾಸಿದರೂ ಚರ್ಮದ ಮೇಲೆ ಕಲೆ ಉಳಿಯುತ್ತದೆ. ಹದ ಮಾಡಿದ ನಂತರ ಅದು ಸ್ಪಷ್ಟವಾಗಿ ಕಾಣಿಸಿಕೊಂಡು ಚರ್ಮದ ಬೆಲೆ ತಗ್ಗುತ್ತದೆ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳಂತಹ ಚರ್ಮೋದ್ಯಮದ ಕೇಂದ್ರಗಳುಳ್ಳ ತಮಿಳುನಾಡಿಗೆ ಇದು ಸಣ್ಣ ವಿಷಯವಲ್ಲ. ದೇಶದ ಚರ್ಮ ಸಂಶೋಧನೆಯ ಪ್ರಮುಖ ಸಂಸ್ಥೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 1948ರಲ್ಲಿ ಸ್ಥಾಪನೆಯಾದದ್ದೂ ಚೆನ್ನೈನಲ್ಲಿಯೇ.

ಉಣ್ಣೆಯ ಜೀವನಚಕ್ರ

ಶತ್ರುವಿನ ಸ್ವಭಾವವನ್ನು ಅರಿಯದೆ ನಿಯಂತ್ರಣ ಸಾಧ್ಯವಿಲ್ಲ. ಉಣ್ಣೆ ಕೀಟವಲ್ಲ, ಎಂಟು ಕಾಲುಗಳುಳ್ಳ, ಜೇಡದ ಬಳಗಕ್ಕೆ ಸೇರಿದ ಜೀವಿ. ದನಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ಜಾತಿಯ ಉಣ್ಣೆ ರಾಸಿನ ಮೈಮೇಲೆ ಇರುವುದು ಸುಮಾರು ಮೂರು ವಾರ ಮಾತ್ರ. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ನೆಲಕ್ಕುದುರಿ, ಕಸಕಡ್ಡಿ ಇಲ್ಲವೇ ಹುಲ್ಲಿನ ಮರೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮೊಟ್ಟೆಯೊಡೆದ ಮರಿಗಳು ಹುಲ್ಲಿನ ತುದಿಗೇರಿ ಮುಂದಿನ ರಾಸಿಗಾಗಿ ಕಾಯುತ್ತವೆ. ಥೈಲೇರಿಯಾ ರೋಗವನ್ನು ಹರಡುವ ಮತ್ತೊಂದು ಜಾತಿಯ ಉಣ್ಣೆಯಾದರೋ ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿಯೇ ಅಡಗುತ್ತದೆ. ಹೀಗಾಗಿ ಮೈಮೇಲೆ ಕಾಣುವ ಉಣ್ಣೆ ಒಟ್ಟು ಸಂಖ್ಯೆಯ ಒಂದಂಶ ಮಾತ್ರ. ರಾಸಿಗಷ್ಟೇ ಔಷಧ ಹಚ್ಚಿ ಕೊಟ್ಟಿಗೆಯನ್ನು ಮರೆತರೆ ಶ್ರಮ ವ್ಯರ್ಥವಾಗುತ್ತದೆ.

ರಾಸಾಯನಿಕಗಳ ಇತಿಮಿತಿ

ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಮುಂತಾದ ರಾಸಾಯನಿಕಗಳು ಉಣ್ಣೆಯನ್ನು ಶೀಘ್ರವಾಗಿ ಕೊಲ್ಲುತ್ತವೆ. ಆದರೆ ಅಳತೆ ಮೀರಿ ಅಥವಾ ಕಡಿಮೆ ಪ್ರಮಾಣದಲ್ಲಿ ಪದೇ ಪದೇ ಬಳಸಿದಾಗ ಬದುಕುಳಿದ ಉಣ್ಣೆಗಳ ಸಂತತಿ ಅವುಗಳಿಗೆ ಜಗ್ಗುವುದಿಲ್ಲ. ಇಂತಹ ನಿರೋಧಕ ಶಕ್ತಿ ಭಾರತದ ಹಲವು ರಾಜ್ಯಗಳ ಉಣ್ಣೆಗಳಲ್ಲಿ ಕಂಡುಬಂದಿದೆ. ಮದ್ದು ಫಲಿಸಲಿಲ್ಲವೆಂದು ಪ್ರಮಾಣವನ್ನು ಹೆಚ್ಚಿಸಿದರೆ ಮೈ ನೆಕ್ಕಿಕೊಳ್ಳುವ ರಾಸಿಗೂ ಸಿಂಪಡಿಸುವವರಿಗೂ ಅಪಾಯ. ಹಾಲಿನಲ್ಲಿ ವಿಷದ ಅಂಶ ಉಳಿಯುವ ಭಯವೂ ಇದೆ.

ಚೆನ್ನೈ ವಿಶ್ವವಿದ್ಯಾಲಯದ ಕೊಡುಗೆ

ಈ ಹಿನ್ನೆಲೆಯಲ್ಲಿ ತಮಿಳುನಾಡು ಪಶುವೈದ್ಯಕೀಯ ಮತ್ತು ಪಶುವಿಜ್ಞಾನ ವಿಶ್ವವಿದ್ಯಾಲಯದ ಕಾರ್ಯ ಗಮನಾರ್ಹವಾಗಿದೆ. 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜನ್ನು ಒಳಗೊಂಡು 1989ರಲ್ಲಿ ರೂಪುಗೊಂಡ ಈ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಚೆನ್ನೈನ ಮಾಧವರಂನಲ್ಲಿದೆ. ಇದರ ತಂಜಾವೂರು ಕೇಂದ್ರದಲ್ಲಿ ಪ್ರಾಧ್ಯಾಪಕ ಎನ್. ಪುಣ್ಯಮೂರ್ತಿ ಮತ್ತು ಅವರ ಸಹೋದ್ಯೋಗಿಗಳು ರೈತರ ಪಾರಂಪರಿಕ ಪಶುವೈದ್ಯವನ್ನು ಅಧ್ಯಯನ ಮಾಡಿ, ನಿಶ್ಚಿತ ಅಳತೆಯ ಔಷಧಕ್ರಮಗಳನ್ನು ರೂಪಿಸಿದರು. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ಆರೋಗ್ಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವೂ ಈ ಕಾರ್ಯದಲ್ಲಿ ಕೈಜೋಡಿಸಿತು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಈ ಕ್ರಮಗಳನ್ನು ಹಾಲು ಒಕ್ಕೂಟಗಳ ಮೂಲಕ ದೇಶದ ಹೈನುಗಾರರಿಗೆ ತಲುಪಿಸುತ್ತಿದೆ.

ತಯಾರಿಸುವ ವಿಧಾನ

ಉಣ್ಣೆ ನಿವಾರಣೆಗೆ ಬೇಕಾಗುವ ಸಾಮಗ್ರಿಗಳು ಇವು:

ಬೆಳ್ಳುಳ್ಳಿ – 10 ಎಸಳು
ಬೇವಿನ ಎಲೆ – ಒಂದು ಹಿಡಿ
ಬೇವಿನ ಹಣ್ಣು – ಒಂದು ಹಿಡಿ
ಬಜೆ – 10 ಗ್ರಾಂ
ಅರಿಶಿನ ಪುಡಿ – 20 ಗ್ರಾಂ
ಲಂಟಾನ ಎಲೆ – ಒಂದು ಹಿಡಿ
ತುಳಸಿ ಎಲೆ – ಒಂದು ಹಿಡಿ

ಇವೆಲ್ಲವನ್ನೂ ನುಣ್ಣಗೆ ಅರೆದು, ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಿ, ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಈ ದ್ರಾವಣವನ್ನು ರಾಸಿನ ಮೈಗೆಲ್ಲ ಸಿಂಪಡಿಸಬೇಕು. ಸಿಂಪಡಿಸುವ ಸಾಧನವಿಲ್ಲದಿದ್ದರೆ ಬಟ್ಟೆಯನ್ನು ಅದ್ದಿ ಒರೆಸಬಹುದು. ಕಿವಿಯ ಒಳಬದಿ, ತೊಡೆಯ ಸಂದು ಹಾಗೂ ಬಾಲದ ಬುಡವನ್ನು ಮರೆಯಬಾರದು. ಹಗಲಿನ ಬಿಸಿಲಿನ ವೇಳೆಯಲ್ಲಿಯೇ ಈ ಕೆಲಸ ಮಾಡಬೇಕು. ಅದೇ ದ್ರಾವಣವನ್ನು ಕೊಟ್ಟಿಗೆಯ ಬಿರುಕು, ಸಂದುಗೊಂದುಗಳಿಗೂ ಸಿಂಪಡಿಸುವುದು ಅತ್ಯಗತ್ಯ. ಉಣ್ಣೆ ಹತೋಟಿಗೆ ಬರುವವರೆಗೆ ವಾರಕ್ಕೊಮ್ಮೆ ಪುನರಾವರ್ತಿಸಬೇಕು.

ವಾರಕ್ಕೊಮ್ಮೆ ಏಕೆ?

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶವನ್ನು ವಿಜ್ಞಾನಿಗಳು 1968ರಲ್ಲಿ ಬೇರ್ಪಡಿಸಿದರು. ಇದು ರಾಸಾಯನಿಕಗಳಂತೆ ತಕ್ಷಣವೇ ಕೊಲ್ಲುವಂಥದಲ್ಲ. ಮರಿ ಪೊರೆ ಕಳಚಿ ಬೆಳೆಯುವುದಕ್ಕೆ ಮತ್ತು ಮೊಟ್ಟೆಯಿಡುವುದಕ್ಕೆ ಅಡ್ಡಿಯೊಡ್ಡುತ್ತದೆ. ಮೇಲಾಗಿ ಬಿಸಿಲು ತಾಗಿದಾಗ ಇದರ ಶಕ್ತಿ ಬೇಗ ಕುಂದುತ್ತದೆ. ಆದ್ದರಿಂದ ಮೊದಲ ದಿನವೇ ಉಣ್ಣೆಗಳೆಲ್ಲ ಉದುರಲಿಲ್ಲವೆಂದು ಚಿಕಿತ್ಸೆಯನ್ನು ಕೈಬಿಡುವುದು ತಪ್ಪು. ಪ್ರತಿ ಬಾರಿಯೂ ಹೊಸದಾಗಿ ತಯಾರಿಸಿದ ದ್ರಾವಣವನ್ನೇ ಬಳಸುವುದು ಒಳ್ಳೆಯದು.

ವಹಿಸಬೇಕಾದ ಎಚ್ಚರಿಕೆ

ಸಸ್ಯಮೂಲದ್ದೆಲ್ಲವೂ ನಿರಪಾಯಕಾರಿ ಎಂಬ ನಂಬಿಕೆ ಸರಿಯಲ್ಲ. ಲಂಟಾನ ಎಲೆಯನ್ನು ತಿಂದ ದನಗಳ ಪಿತ್ತಜನಕಾಂಗಕ್ಕೆ ಹಾನಿಯಾಗುತ್ತದೆ. ಆದ್ದರಿಂದ ಈ ದ್ರಾವಣ ಮೈಮೇಲೆ ಹಚ್ಚಲು ಮಾತ್ರ, ಕುಡಿಸಲು ಅಲ್ಲ. ಸೋಸಿ ಉಳಿದ ಚರಟವನ್ನು ಗೋದಲೆಗೆ ಹಾಕಬಾರದು. ದ್ರಾವಣ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಹಾಲು ಕರೆಯುವ ಮುನ್ನ ಕೆಚ್ಚಲನ್ನು ತೊಳೆಯಬೇಕು. ಕೆಲವರು ಬಳಸುವ ಸೀತಾಫಲದ ಬೀಜದ ಪುಡಿ ಕಣ್ಣಿಗೆ ತೀವ್ರ ಹಾನಿ ಉಂಟುಮಾಡಬಲ್ಲದು. ಹೊಗೆಸೊಪ್ಪಿನ ಕಷಾಯದಲ್ಲಿನ ನಿಕೋಟಿನ್ ಚರ್ಮದ ಮೂಲಕವೂ ದೇಹವನ್ನು ಸೇರುವ ವಿಷ. ಇವುಗಳಿಂದ ದೂರವಿರುವುದು ಕ್ಷೇಮ.

ಸಸ್ಯಸಾರ ಉಣ್ಣೆಯನ್ನು ತಡೆಯಬಲ್ಲದೇ ಹೊರತು ಉಣ್ಣೆಯಿಂದ ಈಗಾಗಲೇ ಬಂದ ರೋಗವನ್ನು ಗುಣಪಡಿಸಲಾರದು. ತೀವ್ರ ಜ್ವರ, ಗಡ್ಡೆಯಂತೆ ಊದಿದ ದುಗ್ಧಗ್ರಂಥಿ, ಬಿಳಿಚಿದ ಕಣ್ಣಿನ ಒಳಪೊರೆ, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಯಾವುದೇ ಲಕ್ಷಣ ಕಂಡರೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಅಂತೆಯೇ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕಾಡಿನ ಉಣುಗುಗಳಿಂದ ಮನುಷ್ಯರಿಗೆ ಹರಡುವಂಥದು. ಅದು ಕಾಣಿಸಿಕೊಳ್ಳುವ ಪ್ರದೇಶದ ಜನರು ಮನೆಮದ್ದನ್ನೇ ನಂಬಿ ಕೂರದೆ ಆರೋಗ್ಯ ಇಲಾಖೆಯ ಸೂಚನೆಗಳನ್ನು ಪಾಲಿಸಬೇಕು.

ಕೊಟ್ಟಿಗೆಯ ಸಗಣಿ, ಕಸವನ್ನು ನಿತ್ಯವೂ ತೆಗೆಯುವುದು, ಗೋಡೆಯ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯುವುದು, ಹೊಸದಾಗಿ ಕೊಂಡು ತಂದ ರಾಸನ್ನು ಕೆಲವು ದಿನ ಬೇರೆಯಾಗಿ ಕಟ್ಟಿ ಪರೀಕ್ಷಿಸುವುದು, ಮೈ ಉಜ್ಜುವಾಗ ಉಣ್ಣೆಗಾಗಿ ತಡಕುವುದು ಇವು ಹಣ ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಕ್ರಮಗಳು. ಇವುಗಳೊಡನೆ ಸಸ್ಯಸಾರವನ್ನು ನಿಯಮಿತವಾಗಿ ಬಳಸಿದಲ್ಲಿ ರಾಸಾಯನಿಕಗಳ ಅವಲಂಬನೆ ತಗ್ಗುತ್ತದೆ, ರಾಸಿನ ಆರೋಗ್ಯ ಸುಧಾರಿಸುತ್ತದೆ, ಬಳಕೆದಾರರಿಗೆ ಶುದ್ಧವಾದ ಹಾಲು ದೊರೆಯುತ್ತದೆ.