ಬಿಚ್ಚಿದಾಗಲೇ ಅರ್ಥವಾಗುವ ಕಾರು: ಮನೆಯ ಗ್ಯಾರೇಜಿನಲ್ಲಿ ಲೋಟಸ್ ಸೆವೆನ್

ತೆರಿಗೆ ಹೇರುವ ಸರ್ಕಾರಗಳೂ ಅದರಿಂದ ನುಣುಚಿಕೊಳ್ಳುವ ಜನರೂ ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ತೆರಿಗೆಯೊಂದರ ದೆಸೆಯಿಂದಲೇ ಒಂದು ಬಗೆಯ ಕಾರು ಮನೆಮನೆಯ ಗ್ಯಾರೇಜು ಸೇರಿದ ನಿದರ್ಶನ ಅಪರೂಪ. ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ಹೊಸ ಕಾರು ಕೊಳ್ಳುವವರು ಭಾರೀ ಖರೀದಿ ತೆರಿಗೆ ತೆರಬೇಕಾಗಿತ್ತು. ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡ ಕಾರಿಗೆ ಮಾತ್ರ ಈ ತೆರಿಗೆ ತಗಲುತ್ತಿರಲಿಲ್ಲ. ಲೋಟಸ್ ಸಂಸ್ಥೆ 1957ರಲ್ಲಿ ಹೊರತಂದ 'ಸೆವೆನ್' ಎಂಬ ಎರಡು ಆಸನಗಳ, ಬಾಗಿಲಿಲ್ಲದ ಪುಟ್ಟ ಸ್ಪೋರ್ಟ್ಸ್ ಕಾರು ಈ ರಿಯಾಯಿತಿಯನ್ನು ಪೂರ್ಣವಾಗಿ ಬಳಸಿಕೊಂಡಿತು.

ರಿಯಾಯಿತಿಗೆ ಒಂದು ಷರತ್ತಿತ್ತು. ಬಿಡಿಭಾಗಗಳ ಜೊತೆಯಲ್ಲಿ ಜೋಡಣೆಯ ಸೂಚನಾಪುಸ್ತಕ ನೀಡಕೂಡದು. ಲೋಟಸ್ ಸ್ಥಾಪಕ ಕಾಲಿನ್ ಚಾಪ್‌ಮನ್ ಇದಕ್ಕೆ ಹುಡುಕಿದ ಉಪಾಯ ಕಾರುಪ್ರಿಯರ ವಲಯದಲ್ಲಿ ಇಂದಿಗೂ ಜನಜನಿತ. ಆತ ಕೊಟ್ಟದ್ದು ಕಾರನ್ನು ಬಿಚ್ಚುವ ಕ್ರಮದ ವಿವರಣೆ. ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಾಯಿತು. ಕಾನೂನಿಗೂ ಭಂಗವಿಲ್ಲ, ಕಾರೂ ಸಿದ್ಧ!

ಅರ್ಧ ಶತಮಾನ ಕಳೆದ ಮೇಲೆ ಈ ಚಮತ್ಕಾರಕ್ಕೆ ಬೇರೆಯೇ ಅರ್ಥ ಬಂದಿದೆ. 1957ರಿಂದ 1973ರವರೆಗೆ ಲೋಟಸ್ ತಯಾರಿಸಿದ ಸುಮಾರು ಎರಡೂವರೆ ಸಾವಿರ ಸೆವೆನ್‌ಗಳಲ್ಲಿ ಉಳಿದುಕೊಂಡಿರುವವು ಈಗ ಒಂದೊಂದಾಗಿ ಮರುನಿರ್ಮಾಣಕ್ಕೆ ಒಳಗಾಗುತ್ತಿವೆ. ಅವುಗಳಲ್ಲಿ ಅನೇಕವು ಮೊದಲು ಜೋಡಣೆಗೊಂಡಂತೆಯೇ ಮತ್ತೆ ಮನೆಯ ಗ್ಯಾರೇಜುಗಳಲ್ಲೇ ಕಳಚಿಕೊಳ್ಳುತ್ತಿವೆ. ಹಾಗೆ ಕಳಚುವಾಗ ಏನನ್ನು ನೋಡುತ್ತೇವೆ, ಏನನ್ನು ನೋಡದೆ ಬಿಡುತ್ತೇವೆ ಎಂಬುದರ ಮೇಲೆ ಕಾರಿನ ಭವಿಷ್ಯವಷ್ಟೇ ಅಲ್ಲ, ಅದರಲ್ಲಿ ಕೂರುವವರ ಪ್ರಾಣವೂ ನಿಂತಿದೆ. ಇದಕ್ಕೆ ಕಾರಣ ಕಾರಿನ ಹಗುರ.

ಹಗುರದ ಗುಟ್ಟು

ಮೊದಲ ಸೆವೆನ್ ತೂಗುತ್ತಿದ್ದುದು ಸುಮಾರು 500 ಕಿಲೋ. ನಮ್ಮ ಅಂಬಾಸಿಡರ್‌ನ ಅರ್ಧಕ್ಕಿಂತಲೂ ಕಡಿಮೆ. ಹಗುರವೆಂದು ನಾವು ಭಾವಿಸಿದ್ದ ಮಾರುತಿ 800 ಕೂಡ ಅದಕ್ಕಿಂತ ನೂರೈವತ್ತು ಕಿಲೋದಷ್ಟು ಹೆಚ್ಚು ಭಾರ. ಆರಂಭದ ಸೆವೆನ್‌ನಲ್ಲಿದ್ದ 1172 ಸಿ.ಸಿ.ಯ ಫೋರ್ಡ್ ಎಂಜಿನ್ನಿನ ಶಕ್ತಿ ಕೇವಲ 40 ಅಶ್ವಶಕ್ತಿ. ಆದರೂ ತಿರುವುಗಳಲ್ಲಿ ಅದು ತನಗಿಂತ ದುಬಾರಿ ಕಾರುಗಳಿಗೆ ಸವಾಲೊಡ್ಡುತ್ತಿತ್ತು. 'ಸರಳಗೊಳಿಸಿ, ಬಳಿಕ ಹಗುರವನ್ನು ಸೇರಿಸಿ' ಎಂಬ ಅರ್ಥದ ಮಾತೊಂದು ಚಾಪ್‌ಮನ್ ಹೆಸರಿನಲ್ಲಿ ಪ್ರಚಲಿತವಿದೆ. ಆತ ಹಾಗೆ ಹೇಳಿದ್ದನೋ ಇಲ್ಲವೋ, ಅವನ ಕಾರುಗಳಂತೂ ಹಾಗೆಯೇ ಹೇಳುತ್ತವೆ.

ಈ ಹಗುರ ಬಂದದ್ದು ದುಬಾರಿ ಲೋಹಗಳಿಂದಲ್ಲ. ಒಂದೊಂದು ಭಾಗಕ್ಕೂ ಎರಡೆರಡು ಕೆಲಸ ಒಪ್ಪಿಸಿದ್ದರಿಂದ ಬಂತು. ಮುಂದಿನ ಚಕ್ರವನ್ನು ಹಿಡಿದಿರುವ ಮೇಲಿನ ಕವಲುತೋಳನ್ನೇ ನೋಡಿ. ಅದರ ಅರ್ಧಭಾಗ ಒಂದು ಸಾಮಾನ್ಯ ತೋಳು. ಉಳಿದರ್ಧವಾಗಿ ನಿಲ್ಲುವುದು, ತಿರುವಿನಲ್ಲಿ ಕಾರು ಓಲದಂತೆ ತಡೆಯುವ ಉಕ್ಕಿನ ಸಲಾಕೆಯ ತುದಿ. ಬೇರೆ ಕಾರುಗಳಲ್ಲಿ ಎರಡು ಭಾಗಗಳು ಮಾಡುವ ಕೆಲಸವನ್ನು ಇಲ್ಲಿ ಒಂದೇ ಮಾಡುತ್ತದೆ. ತೂಕ ಉಳಿಯಿತು ನಿಜ, ಆದರೆ ಆ ಒಂದು ಭಾಗ ಸವೆದರೆ ಎರಡೂ ಕೆಲಸಗಳು ಒಟ್ಟಿಗೆ ಕೆಡುತ್ತವೆ. ಭಾರವಾದ ಕಾರಿನಲ್ಲಿ ಸಣ್ಣಪುಟ್ಟ ದೋಷಗಳನ್ನು ಸಹಿಸಿಕೊಳ್ಳಲು ಹೆಚ್ಚುವರಿ ಲೋಹ ಇರುತ್ತದೆ. ಸೆವೆನ್‌ನಲ್ಲಿ ಅಂತಹ ಉಳಿತಾಯದ ಗಂಟು ಇಲ್ಲ.

ತಗಡಿನಡಿಯ ತುಕ್ಕು

ಕಾರಿನ ಜೀವಾಳ ಅದರ ಚೌಕಟ್ಟು. ಒಂದಂಗುಲ ಹಾಗೂ ಮುಕ್ಕಾಲಂಗುಲದ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಇದನ್ನು ಕಟ್ಟಲಾಗಿದೆ. ಕೊಳವೆಯ ದಪ್ಪ ಸುಮಾರು 1.2 ಮಿಲಿಮೀಟರ್ ಮಾತ್ರ. ನಾಲ್ಕು ಕಡ್ಡಿಗಳ ಚೌಕವನ್ನು ಕೈಯಲ್ಲಿ ಒತ್ತಿದರೆ ಅದು ವಾಲುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿದರೆ ಕದಲದು. ಸೇತುವೆಗಳಲ್ಲಿ ಕಾಣುವ ಈ ತತ್ತ್ವವೇ ಸೆವೆನ್‌ನ ಬಲ. ಆದರೆ ಎಂಜಿನ್ ಇಳಿಸಬೇಕು, ಮನುಷ್ಯರು ಕೂರಬೇಕು ಎಂದಾಗ ಎಲ್ಲ ಚೌಕಗಳಿಗೂ ಕರ್ಣ ಹಾಕಲಾಗದು. ಅಂತಹ ಕಡೆಗಳಲ್ಲಿ ಕೊಳವೆಗಳ ಮೇಲೆ ರಿವೆಟ್ ಹೊಡೆದು ಕೂರಿಸಿದ ಅಲ್ಯೂಮಿನಿಯಂ ತಗಡೂ ಬಿಗಿತದಲ್ಲಿ ಪಾಲು ಪಡೆಯುತ್ತದೆ. 1960ರಲ್ಲಿ ಬಂದ ಎರಡನೇ ಸರಣಿಯಲ್ಲಿ ಖರ್ಚು ಇಳಿಸಲೆಂದು ಕೆಲವು ಕೊಳವೆಗಳನ್ನೇ ಕೈಬಿಡಲಾಯಿತು. ಬಿರುಕಿನ ತೊಂದರೆ ಈ ಸರಣಿಯ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಆಕಸ್ಮಿಕವೇನಲ್ಲ.

ಉಕ್ಕು ಮತ್ತು ಅಲ್ಯೂಮಿನಿಯಂ ಒಟ್ಟಿಗಿರುವುದೇ ಮುಂದಿನ ಸಮಸ್ಯೆಯ ಮೂಲ. ಎರಡು ಭಿನ್ನ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿ ಸಿದ್ಧವಾದಂತೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳಿಗೆ ಹಿಮ ಕರಗಿಸಲು ಉಪ್ಪು ಎರಚುತ್ತಾರೆ. ಆ ನೀರು ತಗಡಿನಡಿಗೆ ಸೇರಿದಾಗ ಅಲ್ಯೂಮಿನಿಯಂ ಮೊದಲು ಕರಗಿ, ರಿವೆಟ್ಟಿನ ಸುತ್ತ ಬಿಳಿಯ ಪುಡಿಯಾಗಿ ಉದುರುತ್ತದೆ. ಅಲ್ಲೇ ತಂಗಿದ ತೇವದಿಂದ ಕೊಳವೆಯೂ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ಹೊಳಪು ಕೊಟ್ಟ ತಗಡು ಮಾತ್ರ. ಆದಕಾರಣ ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆದು, ತಗಡು ಕಳಚಿ ನೋಡದ ಹೊರತು ಸೆವೆನ್‌ನ ಆರೋಗ್ಯದ ಬಗ್ಗೆ ಯಾರ ಮಾತನ್ನೂ ನಂಬುವಂತಿಲ್ಲ. ಹೊಸ ಬಣ್ಣ ಬಳಿದು ಮಾರಾಟಕ್ಕಿಟ್ಟ ಕಾರಿನ ವಿಷಯದಲ್ಲಂತೂ ಈ ಎಚ್ಚರ ಇನ್ನಷ್ಟು ಅಗತ್ಯ.

ಕಳಚುವ ಮೊದಲು ಅನುಭವಿಗಳು ಮಾಡುವ ಕೆಲಸವೊಂದಿದೆ. ಚೌಕಟ್ಟಿನ ಎದುರುಬದುರು ಮೂಲೆಗಳ ನಡುವಿನ ಅಂತರವನ್ನು ಅಳೆದು ಬರೆದಿಡುವುದು. ಎರಡು ಕರ್ಣಗಳ ಅಳತೆ ಸಮನಾಗಿರದಿದ್ದರೆ ಕಾರು ಎಂದೋ ಎಲ್ಲೋ ಗುದ್ದಿಸಿಕೊಂಡಿದೆ ಎಂದರ್ಥ. ತಗಡು ತೆಗೆದ ಮೇಲೆ ಪ್ರತಿ ಕೊಳವೆಯನ್ನೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಗಟ್ಟಿ ಕೊಳವೆ ಗಂಟೆಯಂತೆ ದನಿಗೊಡುತ್ತದೆ, ಒಳಗೊಳಗೇ ಸವೆದದ್ದು ಮಂಕಾಗಿ ಸದ್ದು ಮಾಡುತ್ತದೆ. ಮಾರುಕಟ್ಟೆಯಲ್ಲಿ ಮಡಕೆ ಕೊಳ್ಳುವವರಿಗೆ ಈ ಪರೀಕ್ಷೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆಮೇಲೆ ಮರಳಿನ ಸಿಡಿತದಿಂದ ಹಳೆಯ ಬಣ್ಣ ತೆಗೆದಾಗ, ಸೂಜಿಮೊನೆಯಷ್ಟು ತೂತುಗಳೂ ಬೆಸುಗೆಯ ಬದಿಯ ಕೂದಲೆಳೆಯ ಬಿರುಕುಗಳೂ ಕಣ್ಣಿಗೆ ಬೀಳುತ್ತವೆ.

ಕೆಟ್ಟ ಕೊಳವೆಗಳನ್ನು ಬದಲಿಸುವಾಗ ಒಂದೇ ಬಾರಿಗೆ ಹಲವನ್ನು ಕತ್ತರಿಸಬಾರದು. ಚೌಕಟ್ಟನ್ನು ಗಟ್ಟಿಯಾದ ಸಮತಟ್ಟು ಮೇಜಿಗೆ ಬಿಗಿದು, ಒಂದು ಕೊಳವೆ ತೆಗೆದು, ಅದರ ಜಾಗಕ್ಕೆ ಹೊಸದನ್ನು ಬೆಸೆದು, ಅಳತೆ ನೋಡಿ, ನಂತರವೇ ಮುಂದಿನದಕ್ಕೆ ಕೈಹಾಕಬೇಕು. ಇಲ್ಲಿ ಬಹಳ ಮಂದಿ ಎಡವುವುದು ಬೆಸುಗೆಯ ವಿಷಯದಲ್ಲಿ. ಹಳೆಯ ಲೋಟಸ್ ಚೌಕಟ್ಟುಗಳ ಸಂದುಗಳನ್ನು ಉಕ್ಕು ಕರಗಿಸಿ ಬೆಸೆದಿಲ್ಲ. ತಾಮ್ರ ಬೆರೆತ ಕಂಚನ್ನು ಕರಗಿಸಿ ಬ್ರೇಜಿಂಗ್ ಮಾಡಲಾಗಿದೆ. ಈ ವಿಧಾನದಲ್ಲಿ ಕೊಳವೆ ಕಡಿಮೆ ಕಾಯುತ್ತದೆ, ಹೀಗಾಗಿ ತೆಳು ಉಕ್ಕಿನ ಗುಣ ಕೆಡುವುದಿಲ್ಲ. ಅಂತಹ ಸಂದಿನ ಮೇಲೆ ಇಂದಿನ ವಿದ್ಯುತ್ ವೆಲ್ಡಿಂಗ್ ನಡೆಸಿದರೆ, ಕರಗಿದ ತಾಮ್ರ ಉಕ್ಕಿನ ಕಣಗಳ ನಡುವೆ ನುಸುಳಿ ಬೆಸುಗೆ ಪೆಡಸಾಗುತ್ತದೆ. ಮೇಲ್ನೋಟಕ್ಕೆ ಅಚ್ಚುಕಟ್ಟಾಗಿರುವ ಆ ಸಂದು ಕೆಲವೇ ತಿಂಗಳ ಓಟದಲ್ಲಿ ಸೀಳಬಹುದು. ಹಳೆಯ ಕಂಚನ್ನು ಪೂರ್ತಿ ಉಜ್ಜಿ ತೆಗೆಯಬೇಕು, ಇಲ್ಲವೇ ಮತ್ತೆ ಬ್ರೇಜಿಂಗ್ ಮಾಡಿಸಬೇಕು. ಮೂರನೆಯ ದಾರಿ ಇಲ್ಲ. ಈ ಕೆಲಸ ಗೊತ್ತಿಲ್ಲದವರು ಚೌಕಟ್ಟನ್ನು ಗೊತ್ತಿರುವವರ ಬಳಿಗೆ ಒಯ್ಯುವುದರಲ್ಲಿ ಅವಮಾನವೇನೂ ಇಲ್ಲ. ಉಳಿದ ಕೆಲಸವೇ ಮನೆಯಲ್ಲಿ ಬೇಕಾದಷ್ಟಿರುತ್ತದೆ.

ಮತ್ತೆ ತಗಡು ಕೂರಿಸುವಾಗ ಎರಡು ಲೋಹಗಳ ನಡುವೆ ತೇವ ತಡೆಯುವ ಲೇಪ ಹಚ್ಚಿ ರಿವೆಟ್ ಹೊಡೆಯಬೇಕು. ಈ ಒಂದು ಹೆಜ್ಜೆ ಬಿಟ್ಟರೆ ಮೊದಲಿನ ಕಥೆಯೇ ಮರುಕಳಿಸುತ್ತದೆ.

ಮದ್ರಾಸಿನ ನಂಟು

ಕರ್ನಾಟಕದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಎರಡನೇ ಸರಣಿಯ ಸೆವೆನ್ ತೋರಿಸಿದರೆ, ಕೆಲವು ಭಾಗಗಳನ್ನು ಅವರು ಥಟ್ಟನೆ ಗುರುತು ಹಿಡಿದಾರು. ಚಾಪ್‌ಮನ್ ಖರ್ಚು ಉಳಿಸಲು ಸಾಮಾನ್ಯ ಕಾರುಗಳ ಬಿಡಿಭಾಗಗಳನ್ನೇ ಬಳಸಿದ. ಮುಂದಿನ ಚಕ್ರದ ಕಂಬ ಮತ್ತು ಸ್ಟೀರಿಂಗ್ ರ್‍ಯಾಕ್ ಟ್ರಯಂಫ್ ಹೆರಾಲ್ಡ್‌ನವು. ಇದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ 'ಸ್ಟ್ಯಾಂಡರ್ಡ್ ಹೆರಾಲ್ಡ್' ಹೆಸರಿನಲ್ಲಿ ತಯಾರಾಗಿ ದಕ್ಷಿಣ ಭಾರತದ ಊರೂರುಗಳಲ್ಲಿ ಓಡಾಡಿತು. ಹಿಂದಿನ ಆಕ್ಸಲ್ ಬಂದದ್ದು ಸ್ಟ್ಯಾಂಡರ್ಡ್ ಟೆನ್ ಕಾರಿನ ಬಳಗದಿಂದ. ಅದೂ ಮದ್ರಾಸಿಗೆ ಪರಿಚಿತವೇ.

ಹೆರಾಲ್ಡ್ ಇಟ್ಟುಕೊಂಡಿದ್ದವರು ಮರೆಯದ ಪಾಠವೊಂದು ಸೆವೆನ್‌ಗೂ ಅನ್ವಯಿಸುತ್ತದೆ. ಚಕ್ರದ ಕಂಬದ ಕೆಳತುದಿ ತಿರುಪಿನಂತೆ ಒಂದು ಕಂಚಿನ ಗುಂಡಿಯೊಳಗೆ ಕೂತಿರುತ್ತದೆ. ಇದಕ್ಕೆ ಟ್ರನಿಯನ್ ಎಂದು ಹೆಸರು. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಕಂಬ ಈ ಗುಂಡಿಯಲ್ಲಿ ತಿರುಗುತ್ತದೆ. ಇದಕ್ಕೆ ಹಾಕಬೇಕಾದುದು ಗೇರ್ ಎಣ್ಣೆ. ಅನೇಕರು ಗ್ರೀಸ್ ತುಂಬಿ ಸುಮ್ಮನಾಗುತ್ತಾರೆ. ಗ್ರೀಸ್ ಕಾಲಕ್ರಮೇಣ ಗಟ್ಟಿಯಾಗುತ್ತದೆ, ಕೆಳಗಿನ ತಿರುಪಿಗೆ ತಲುಪುವುದೇ ಇಲ್ಲ. ನೀರು ಸೇರಿ ಕಂಬಕ್ಕೆ ತುಕ್ಕು ಹಿಡಿಯುತ್ತದೆ. ಒಂದು ದಿನ ಅದು ಮುರಿದು, ಓಡುತ್ತಿರುವ ಕಾರಿನ ಚಕ್ರ ಮಡಿಚಿ ಬೀಳುತ್ತದೆ. ಎಡ ಮತ್ತು ಬಲ ಟ್ರನಿಯನ್‌ಗಳ ತಿರುಪು ಪರಸ್ಪರ ವಿರುದ್ಧ ದಿಕ್ಕಿನವು ಎಂಬುದನ್ನೂ ಜೋಡಿಸುವವರು ಮರೆಯುವಂತಿಲ್ಲ. ಮರುನಿರ್ಮಾಣದ ಇಡೀ ಖರ್ಚಿನಲ್ಲಿ ಈ ಭಾಗಗಳ ಪಾಲು ಅತ್ಯಲ್ಪ. ಹಳೆಯವನ್ನು ಒರೆಸಿ ಮತ್ತೆ ಹಾಕುವ ಜಿಪುಣತನ ಇಲ್ಲಿ ಸಲ್ಲದು.

ಹಿಂದಿನ ಆಕ್ಸಲ್‌ನದು ಇನ್ನೊಂದು ಬಗೆಯ ಗೋಳು. ಅದನ್ನು ಹಿಡಿದಿಡುವ 'ಎ' ಆಕಾರದ ತೋಳನ್ನು ಆಕ್ಸಲ್ ಪೆಟ್ಟಿಗೆಯ ತಳಕ್ಕೇ ಬಿಗಿಯಲಾಗಿದೆ. ಪುಟ್ಟ ಕುಟುಂಬದ ಕಾರಿಗೆಂದು ಮಾಡಿದ ಪೆಟ್ಟಿಗೆ ಈ ಎಳೆತಕ್ಕೆ ತಿರುಚಿಕೊಂಡು ಎಣ್ಣೆ ಸೋರುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. 1968ರ ಮೂರನೇ ಸರಣಿಯಲ್ಲಿ ಫೋರ್ಡ್ ಆಕ್ಸಲ್ ಬಂದದ್ದು ಒಳಿತೇ ಆಯಿತು. ಎಂಜಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ಕಾಲದ ಫೋರ್ಡ್ ಎಂಜಿನ್‌ಗಳ ಭಾಗಗಳು ಬ್ರಿಟನ್ನಿನಲ್ಲಿ ಇನ್ನೂ ದೊರೆಯುತ್ತವೆ. ಆದರೆ ಅಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಬೆರೆಯುತ್ತಿರುವುದರಿಂದ ಹಳೆಯ ರಬ್ಬರ್ ಕೊಳವೆಗಳು ಮೆತ್ತಗಾಗಿ ಸೋರುವ ಅಪಾಯವಿದೆ. ಎಂಜಿನ್ ಬಿಚ್ಚದಿದ್ದರೂ ಅವನ್ನಂತೂ ಬದಲಿಸಲೇಬೇಕು.

ಹಳೆಯದೋ, ಹೊಸದೋ?

ತುಕ್ಕು ವಿಪರೀತವಾಗಿದ್ದರೆ ಹೊಸ ಚೌಕಟ್ಟನ್ನೇ ಮಾಡಿಸಿಕೊಳ್ಳುವುದು ಸುಲಭ, ಸುರಕ್ಷಿತ. ಆದರೆ ಚೌಕಟ್ಟೇ ಬದಲಾದ ಮೇಲೆ ಉಳಿದದ್ದು ಅದೇ ಕಾರೇ? ಮಾರುಕಟ್ಟೆ ಮೂಲ ಚೌಕಟ್ಟಿನ ಕಾರಿಗೆ ಹೆಚ್ಚು ಬೆಲೆ ಕಟ್ಟುತ್ತದೆ. ಈ ಆಸೆಗೆ ಬಿದ್ದು ತೇಪೆಯ ಮೇಲೆ ತೇಪೆ ಹಾಕಿ ಹಳೆಯದನ್ನೇ ಉಳಿಸಿಕೊಳ್ಳುವವರಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಅದು ಸರಿ. ರಸ್ತೆಗೆ ಇಳಿಸುವುದಾದರೆ, ನಂಬಲಾಗದ ಹಳೆಯ ಉಕ್ಕಿಗಿಂತ ನಂಬಬಲ್ಲ ಹೊಸ ಉಕ್ಕು ಮೇಲು ಎಂದೇ ಈ ಲೇಖಕನ ಅಭಿಪ್ರಾಯ. ಬದಲಿಸಿದ್ದನ್ನು ಮುಚ್ಚಿಡದೆ ದಾಖಲಿಸಬೇಕು, ಅಷ್ಟೆ.

1973ರ ಏಪ್ರಿಲ್‌ನಲ್ಲಿ ಬ್ರಿಟನ್ ಖರೀದಿ ತೆರಿಗೆ ರದ್ದುಪಡಿಸಿ ಮೌಲ್ಯವರ್ಧಿತ ತೆರಿಗೆ ತಂದಿತು. ಕಿಟ್ ಕಾರಿನ ರಿಯಾಯಿತಿ ಅಲ್ಲಿಗೆ ಮುಗಿಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು. ತೆರಿಗೆಯ ಲಾಭ ಹೋದರೂ ಮನೆಯಲ್ಲೇ ಕಟ್ಟುವ ಆಸೆ ಹೋಗಲಿಲ್ಲ. 1996ರಲ್ಲಿ ರಾನ್ ಚಾಂಪಿಯನ್ ಎಂಬಾತ, 250 ಪೌಂಡಿನಷ್ಟು ಕಡಿಮೆ ಖರ್ಚಿನಲ್ಲಿ ಇಂತಹ ಕಾರನ್ನು ಕಟ್ಟುವ ಬಗೆಯ ಕುರಿತು ಪುಸ್ತಕವನ್ನೇ ಬರೆದ. ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಕಳಚಿ ಸೆವೆನ್ ಮಾದರಿಯ ಕಾರು ಮಾಡಿಕೊಂಡವರ ಬಳಗವೇ ಅದರಿಂದ ಬೆಳೆಯಿತು.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂಟಿ ಕಾರನ್ನೂ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆ 1998ರಿಂದ ಇದೆ. ಭಾರತದಲ್ಲಿ ಈ ಹವ್ಯಾಸದ ದಾರಿ ಬಹಳ ಕಿರಿದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ, ತಯಾರಕರು ನಿಗದಿಪಡಿಸಿದ ಸ್ವರೂಪದಿಂದ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಹಳೆಯ ಹೆರಾಲ್ಡ್ ಒಂದನ್ನು ಇದ್ದಂತೆಯೇ ದುರಸ್ತಿ ಮಾಡಬಹುದು, ಅದರಿಂದ ಸೆವೆನ್ ಕಟ್ಟಿ ಬೆಂಗಳೂರಿನ ರಸ್ತೆಯಲ್ಲಿ ಓಡಿಸುವ ಕನಸು ಕಾಣುವುದು ಬೇಡ.

ಕಾರು ಪೂರ್ತಿ ಜೋಡಣೆಯಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ನಾಲ್ಕು ಚಕ್ರಗಳಡಿ ನಾಲ್ಕು ತಕ್ಕಡಿ ಇಟ್ಟು, ಪ್ರತಿ ಮೂಲೆಗೂ ಬೀಳುವ ಭಾರವನ್ನು ಸ್ಪ್ರಿಂಗಿನ ಎತ್ತರ ಬದಲಿಸುತ್ತ ಸರಿದೂಗಿಸಬೇಕು. ಆಗ ಚಾಲಕನ ಆಸನ ಖಾಲಿ ಇರಕೂಡದು. 70 ಕಿಲೋದ ಮನುಷ್ಯನೆಂದರೆ ಕಾರಿನ ತೂಕದ ಏಳನೆಯ ಒಂದು ಭಾಗ. ಆದ್ದರಿಂದ ಕಾರನ್ನು ಓಡಿಸುವವರೇ ಅಲ್ಲಿ ಕೂರಬೇಕು, ಇಲ್ಲವೇ ಅವರ ತೂಕದಷ್ಟು ಮರಳಿನ ಚೀಲಗಳನ್ನು ಆಸನದ ಮೇಲೆ ಇಡಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಪ್ರತಿಯೊಂದು ಬೋಲ್ಟನ್ನೂ ಮತ್ತೊಮ್ಮೆ ಬಿಗಿದು ನೋಡಿ, ತಕ್ಕಡಿಗಳನ್ನು ಇನ್ನೊಮ್ಮೆ ಹೊರತೆಗೆಯಬೇಕು.