ಸೊಂಟನೋವಿಗೆ ಯೋಗ: ಮೈಸೂರಿನಿಂದ ಸಿಯಾಟಲ್‌ವರೆಗೆ

1934ರಲ್ಲಿ ಎರಡು ಬರಹಗಳು ಅಚ್ಚಾದವು. ಒಂದಕ್ಕೆ ಇನ್ನೊಂದರ ಗುರುತು ಇರಲಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್ ಎಂಬ ಶಸ್ತ್ರವೈದ್ಯರು, ಬೆನ್ನೆಲುಬುಗಳ ನಡುವಿನ ಡಿಸ್ಕ್ ಒಡೆದು ಹೊರಗೆ ಚಾಚಿ ನರವನ್ನು ಒತ್ತಿದರೆ ಸೊಂಟದಿಂದ ಕಾಲಿಗಿಳಿಯುವ ನೋವು ಬರುತ್ತದೆ, ಆ ತುಂಡನ್ನು ತೆಗೆದರೆ ನೋವು ಕಳೆಯುತ್ತದೆ ಎಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಹೊರಬಂತು, ಅದೂ ಕನ್ನಡದಲ್ಲಿ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ಕೃಷ್ಣಮಾಚಾರ್ಯರು ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸುತ್ತಿದ್ದರು. ಸೊಂಟನೋವಿನ ಚಿಕಿತ್ಸೆಯ ಕತೆ ಈ ಎರಡು ಊರುಗಳಿಂದ ಬೇರೆಬೇರೆಯಾಗಿ ಹೊರಟು, ಸುಮಾರು ಎಪ್ಪತ್ತು ವರ್ಷಗಳ ನಂತರ ಒಂದೆಡೆ ಸೇರಿತು.

ಬಾಸ್ಟನ್ನಿನ ದಾರಿ ಮೊದಲು ಬಲು ಭರವಸೆಯದಾಗಿತ್ತು. ನೋವಿನ ಮೂಲ ಸಿಕ್ಕಿತು ಎಂದ ಮೇಲೆ ಮುಂದಿನ ದಶಕಗಳಲ್ಲಿ ಸೊಂಟ ಹಿಡಿದವರಿಗೆಲ್ಲ ಡಿಸ್ಕಿನದೇ ಮಾತು. ಶಸ್ತ್ರಚಿಕಿತ್ಸೆ ಬೇಡದವರಿಗೆ ಹಾಸಿಗೆಯೇ ಔಷಧ: ಅಲುಗಾಡಬೇಡಿ, ಮಲಗಿರಿ. ಈ ಸಲಹೆಯನ್ನು 1986ರಲ್ಲಿ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಅಳೆದು ನೋಡಿದರು. 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ಹೆಚ್ಚು ದಿನ ಮಲಗುವಂತೆ ಹೇಳಿಸಿಕೊಂಡವರಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ, ಕೆಲಸಕ್ಕೆ ರಜೆ ಮಾತ್ರ ಹೆಚ್ಚಾಯಿತು. 1994ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದಾಗ ಅವರಲ್ಲಿ ಶೇ. 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಶೇ. 27 ಮಂದಿಗೆ ಅದು ಹೊರಚಾಚಿಯೇ ಇತ್ತು. ಎಂಆರ್‌ಐ ವರದಿ ಹಿಡಿದು ಹೆದರಿ ಕೂತವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕು ಎಂಬುದು ನನ್ನ ಆಸೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ. ಬಹುಪಾಲು ಸೊಂಟನೋವಿಗೆ ಇಂಥದ್ದೇ ಎಂದು ಬೊಟ್ಟು ಮಾಡಿ ತೋರಿಸುವ ಕಾರಣ ಸಿಗುವುದಿಲ್ಲ.

ಮೈಸೂರಿನ ದಾರಿ ಹಿಡಿದವರಲ್ಲಿ ಒಬ್ಬ ರೋಗಿಷ್ಠ ಹುಡುಗನಿದ್ದ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಇನ್‌ಫ್ಲುಯೆಂಜಾ ಹಾವಳಿಯ ಹೊತ್ತಿಗೆ ಹುಟ್ಟಿದ ಸುಂದರರಾಜ ಅಯ್ಯಂಗಾರ್ ಬಾಲ್ಯವಿಡೀ ಮಲೇರಿಯಾ, ಟೈಫಾಯಿಡ್, ಕ್ಷಯಗಳಲ್ಲಿ ನರಳಿದವರು. 1934ರಲ್ಲಿ, ಹದಿನೈದರ ಹರೆಯದಲ್ಲಿ, ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಮನೆಗೆ ಬಂದರು. ಭಾವ ಕಟ್ಟುನಿಟ್ಟಿನ ಗುರು. ಒಮ್ಮೆ ಅಭ್ಯಾಸವಿಲ್ಲದ ಹನುಮಾನಾಸನವನ್ನು ಎಲ್ಲರೆದುರು ಮಾಡಿಸಿದಾಗ ತಮ್ಮ ತೊಡೆಯ ಹಿಂಬದಿಯ ಸ್ನಾಯುಗಳೇ ಹರಿದುವೆಂದು ಅಯ್ಯಂಗಾರ್ ಮುಂದೆ ಹೇಳಿಕೊಂಡರು. 1937ರಲ್ಲಿ ಪುಣೆಗೆ ಯೋಗ ಕಲಿಸಲು ಹೋದರು, ಅಲ್ಲೇ ನಿಂತರು. ಬಿ.ಕೆ.ಎಸ್. ಅಯ್ಯಂಗಾರ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು ಆಮೇಲೆ.

ಗುರುವಿನ ಹತ್ತಿರ ಅವರು ಇದ್ದದ್ದು ಸ್ವಲ್ಪವೇ ಕಾಲ. ಉಳಿದದ್ದನ್ನು ತಮ್ಮ ಮೈಯಲ್ಲೇ ಹುಡುಕಿಕೊಳ್ಳಬೇಕಾಯಿತು. ಪುಣೆಯಲ್ಲಿ ಅವರ ಮುಂದೆ ಬಂದು ನಿಂತವರೆಲ್ಲ ಎಳೆಯ ಹುಡುಗರಲ್ಲ. ವಯಸ್ಸಾದವರು, ಬಗ್ಗಲಾಗದವರು, ಬೆನ್ನು ಹಿಡಿದವರು ಬಂದರು. ಆಸನಕ್ಕೆ ತಕ್ಕ ದೇಹ ಇಲ್ಲದಿದ್ದಾಗ ದೇಹಕ್ಕೆ ತಕ್ಕಂತೆ ಆಸನವನ್ನು ಹೊಂದಿಸಬೇಕಲ್ಲ? ಇಟ್ಟಿಗೆ, ಕುರ್ಚಿ, ಗೋಡೆಗೆ ಬಿಗಿದ ಹಗ್ಗ, ಪಟ್ಟಿ, ದಿಂಬು, ಕಂಬಳಿ ಎಲ್ಲ ಯೋಗದ ಕೋಣೆಗೆ ಬಂದದ್ದು ಹೀಗೆ. ನನ್ನ ಮಟ್ಟಿಗೆ ಈ ಕತೆಯಲ್ಲಿ ನಿಜವಾದ ಆವಿಷ್ಕಾರ ಇದೇ. ಆಸನಗಳು ಮೊದಲೂ ಇದ್ದವು. ನೋವಿರುವವರು ಅವನ್ನು ಹೇಗೆ ಮಾಡಬಹುದು ಎಂಬುದು ಗೊತ್ತಿರಲಿಲ್ಲ.

ಅದು ಸೊಂಟಕ್ಕೆ ಹೇಗೆ ಒದಗುತ್ತದೆ ಎಂದು ಬಿಡಿಸಿ ನೋಡಬೇಕು. ತೊಡೆಯ ಹಿಂಬದಿಯ ಸ್ನಾಯುಗಳ ಮೇಲ್ತುದಿ ನಾವು ಕೂರುವಾಗ ನೆಲಕ್ಕೆ ತಾಗುವ ಮೂಳೆಗೆ ಅಂಟಿಕೊಂಡಿದೆ. ಅವು ಬಿಗಿದುಕೊಂಡಿದ್ದರೆ, ಮುಂದಕ್ಕೆ ಬಗ್ಗುವಾಗ ಕಟಿಯ ಎಲುಬು ಜೊತೆಗೆ ತಿರುಗುವುದಿಲ್ಲ. ಬಾಗುವ ಕೆಲಸವೆಲ್ಲ ಬೆನ್ನಿನ ಕೆಳಭಾಗದ ಮೇಲೆ ಬೀಳುತ್ತದೆ. ಕಾಲು ನೀಡಿ ಕೂತು ಹೆಬ್ಬೆರಳು ಹಿಡಿಯಲು ಹೆಣಗುವ ಹೊಸಬರ ಬೆನ್ನು ಗೂನಾಗುವುದು ಇದರಿಂದಲೇ. ಅದೇ ಎಳೆತವನ್ನು ಸುಪ್ತ ಪಾದಾಂಗುಷ್ಠಾಸನದಲ್ಲಿ ಅಂಗಾತ ಮಲಗಿ, ಪಾದಕ್ಕೆ ಪಟ್ಟಿ ಹಾಕಿ, ಒಂದು ಕಾಲನ್ನು ಮೇಲೆತ್ತಿ ಪಡೆದರೆ ಬೆನ್ನಿಗೆ ನೆಲದ ಆಸರೆ ಸಿಗುತ್ತದೆ. ಸ್ನಾಯು ಹಿಗ್ಗುತ್ತದೆ, ಸೊಂಟದ ಮೇಲೆ ಹೊರೆ ಬೀಳುವುದಿಲ್ಲ. ಅರ್ಧ ಉತ್ತಾನಾಸನದಲ್ಲಿ ಕೈಗಳನ್ನು ಗೋಡೆಗೋ ಮೇಜಿಗೋ ಊರಿ, ತೊಡೆಯ ಸಂದಿನಿಂದ ಬಗ್ಗುವುದನ್ನು ಕಲಿಸುತ್ತಾರೆ. ಅಧೋಮುಖ ಶ್ವಾನಾಸನದಲ್ಲಿ ತೊಡೆಯ ಮೇಲ್ಭಾಗಕ್ಕೆ ಹಗ್ಗದ ಆಸರೆ ಕೊಟ್ಟರೆ ದೇಹದ ಭಾರ ಹಗ್ಗಕ್ಕೆ ಹೋಗಿ ಬೆನ್ನು ಉದ್ದವಾಗುತ್ತದೆ. 1979ರಲ್ಲಿ ಸ್ಕೂಟರ್ ಅಪಘಾತದಲ್ಲಿ ಅಯ್ಯಂಗಾರರ ಬೆನ್ನುಮೂಳೆಗೇ ಪೆಟ್ಟಾಯಿತು. ಅರವತ್ತು ದಾಟಿದ ಮೇಲೆ ಅವರು ಈ ಸಲಕರಣೆಗಳನ್ನೇ ಹಿಡಿದು ತಮ್ಮ ಅಭ್ಯಾಸವನ್ನು ಮೊದಲಿನಿಂದ ಕಟ್ಟಿಕೊಂಡರು.

ಇಷ್ಟಾದರೂ ಇದು ಒಬ್ಬ ಗುರುವಿನ ಅನುಭವ, ಶಿಷ್ಯರ ಮಾತು. ಗುಣವಾಗದೆ ಸುಮ್ಮನೆ ಬಿಟ್ಟುಹೋದವರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಆ ಲೆಕ್ಕ ಗಟ್ಟಿಯಾಗಿ ಶುರುವಾದದ್ದು 2005ರಲ್ಲಿ. ವೆಸ್ಟ್ ವರ್ಜೀನಿಯಾದಲ್ಲಿ ಕಿಂಬರ್ಲಿ ವಿಲಿಯಮ್ಸ್ ಮತ್ತು ಸಂಗಡಿಗರು 60 ಜನರನ್ನು ಆರಿಸಿ, ಒಂದು ಗುಂಪಿಗೆ 16 ವಾರ ಅಯ್ಯಂಗಾರ್ ಪದ್ಧತಿಯ ಯೋಗ ಕಲಿಸಿದರು. ಹಿಂದಕ್ಕೆ ಬಾಗುವ ಆಸನಗಳನ್ನು ಬೇಕೆಂದೇ ಕೈಬಿಟ್ಟಿದ್ದರು. ಯೋಗದ ಗುಂಪಿನಲ್ಲಿ ನೋವೂ ಔಷಧದ ಬಳಕೆಯೂ ಇಳಿದವು. ಅದೇ ವರ್ಷ ಸಿಯಾಟಲ್‌ನಲ್ಲಿ ಕ್ಯಾರೆನ್ ಶೆರ್ಮನ್ ಅವರ ತಂಡ 101 ಜನರನ್ನು ಯೋಗ, ಸಾಮಾನ್ಯ ವ್ಯಾಯಾಮ, ಸ್ವಯಂ ಆರೈಕೆಯ ಪುಸ್ತಕ ಎಂದು ಮೂರು ಗುಂಪು ಮಾಡಿ ನೋಡಿತು. 12 ವಾರಗಳಿಗೆ ಪುಸ್ತಕದವರಿಗಿಂತ ಯೋಗದವರು ಸ್ಪಷ್ಟವಾಗಿ ಮುಂದಿದ್ದರು. ಅಲ್ಲಿ ಕಲಿಸಿದ್ದು ವಿನಿಯೋಗ ಪದ್ಧತಿ, ಕೃಷ್ಣಮಾಚಾರ್ಯರ ಮಗ ದೇಶಿಕಾಚಾರ್ ಬೆಳೆಸಿದ ಕವಲು. ಅಮೆರಿಕದ ಎರಡು ಅಂಚುಗಳಲ್ಲಿ ಒಂದೇ ವರ್ಷ ಪರೀಕ್ಷೆಗೆ ನಿಂತ ಎರಡೂ ಪದ್ಧತಿಗಳ ಬೇರು ಮೈಸೂರಿನ ಒಬ್ಬ ಮೇಷ್ಟರಲ್ಲಿತ್ತು. ಕನ್ನಡಿಗರಾದ ನಾವು ಇದನ್ನು ಹೆಚ್ಚು ಹೇಳಿಕೊಂಡಿಲ್ಲ.

ನಮ್ಮ ನೆಲದಲ್ಲೂ ಪರೀಕ್ಷೆ ನಡೆಯಿತು. ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ, ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಪದ್ಮಿನಿ ತೇಕೂರ್, ಎಚ್.ಆರ್. ನಾಗೇಂದ್ರ ಮೊದಲಾದವರು 80 ರೋಗಿಗಳನ್ನು ಒಂದು ವಾರ ಅಲ್ಲೇ ಉಳಿಸಿಕೊಂಡು, ಅರ್ಧ ಜನಕ್ಕೆ ಯೋಗ, ಅರ್ಧ ಜನಕ್ಕೆ ವ್ಯಾಯಾಮ ಮಾಡಿಸಿದರು. ಯೋಗದವರ ಓಡಾಟವೂ ಬೆನ್ನಿನ ಬಳುಕೂ ಹೆಚ್ಚು ಸುಧಾರಿಸಿದ್ದನ್ನು 2008ರಲ್ಲಿ ವರದಿ ಮಾಡಿದರು. ಒಂದೇ ವಾರ ಎನ್ನುವುದು ಅದರ ಮಿತಿ.

2011ರಲ್ಲಿ ಬಂದ ಎರಡು ವರದಿಗಳು ಕತೆಯನ್ನು ನೆಲಕ್ಕಿಳಿಸಿದವು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ತಂಡ 313 ಜನರಲ್ಲಿ ನಡೆಸಿದ ಅಧ್ಯಯನದಲ್ಲಿ, ವಾರಕ್ಕೊಂದು ತರಗತಿಯಂತೆ 12 ವಾರ ಕಲಿತವರ ದಿನನಿತ್ಯದ ಓಡಾಟ ವರ್ಷದ ಕೊನೆಗೂ ಉತ್ತಮವಾಗಿತ್ತು. ಆದರೆ ನೋವಿನ ಅಂಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಶೆರ್ಮನ್ ತಂಡ ಈ ಸಲ 228 ಜನರನ್ನು ತೆಗೆದುಕೊಂಡಿತು. ಪುಸ್ತಕ ಓದಿಕೊಂಡವರಿಗಿಂತ ಯೋಗದವರು ಮೇಲಿದ್ದರೂ ಸ್ನಾಯುಗಳನ್ನು ಹಿಗ್ಗಿಸುವ ಸರಿಯಾದ ವ್ಯಾಯಾಮ ತರಗತಿಗೆ ಹೋದವರು ಅವರಿಗೆ ಸರಿಸಮನಾಗಿ ನಿಂತರು.

ಇದನ್ನು ಯೋಗದ ಸೋಲು ಎಂದು ಓದಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸೊಂಟಕ್ಕೆ ಬೇಕಾದದ್ದು ಹಿತವಾದ, ಕ್ರಮವಾದ ಚಲನೆ ಎಂಬುದನ್ನು ಆ ಅಧ್ಯಯನ ಗಟ್ಟಿ ಮಾಡಿತು. ಯೋಗ ಅದನ್ನು ಒಂದು ಚಾಪೆಯ ಜಾಗದಲ್ಲಿ, ಯಂತ್ರವಿಲ್ಲದೆ ಕೊಡುತ್ತದೆ. 2017ರಲ್ಲಿ ಬಾಸ್ಟನ್ನಿನಲ್ಲೇ ರಾಬರ್ಟ್ ಸೇಪರ್ ಅವರ ತಂಡ ಬಹುಪಾಲು ಕಡಿಮೆ ವರಮಾನದ 320 ಜನರಲ್ಲಿ ನೋಡಿದಾಗ, ವಾರಕ್ಕೊಂದರಂತೆ 12 ಯೋಗ ತರಗತಿಗಳು 15 ಸಲದ ಫಿಸಿಯೋಥೆರಪಿಗಿಂತ ಕಡಿಮೆಯೇನೂ ಆಗಿರಲಿಲ್ಲ. ಡಿಸ್ಕಿನ ಕತೆ ಹುಟ್ಟಿದ ಊರಿನಲ್ಲೇ ಯೋಗಕ್ಕೆ ಈ ಮಾತು ಸಿಕ್ಕಿತು. ಅದೇ ವರ್ಷ ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದವುಗಳಲ್ಲಿ ಯೋಗವನ್ನೂ ಸೇರಿಸಿತು. 2022ರ ಕಾಕ್ರೇನ್ ವಿಮರ್ಶೆ 21 ಅಧ್ಯಯನಗಳ 2,223 ಜನರ ಮಾಹಿತಿಯನ್ನು ಒಟ್ಟು ಹಾಕಿ ಹೇಳಿದ್ದು ಇಷ್ಟು: ಏನೂ ಮಾಡದಿರುವುದಕ್ಕಿಂತ ಯೋಗ ಮೇಲು, ಲಾಭ ಸಣ್ಣದು, ಬೇರೆ ವ್ಯಾಯಾಮಗಳಿಗೆ ಹೆಚ್ಚುಕಡಿಮೆ ಸಮ.

ನೋವು ಬಾರದಂತೆ ತಡೆಯುವ ವಿಷಯದಲ್ಲಿ ಸಾಕ್ಷ್ಯ ಸಾಮಾನ್ಯ ವ್ಯಾಯಾಮದ ಪರ ಇದೆ. 2016ರಲ್ಲಿ 30,000ಕ್ಕೂ ಹೆಚ್ಚು ಜನರ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ವ್ಯಾಯಾಮ ಮತ್ತು ತಿಳಿವಳಿಕೆ ಎರಡೂ ಸೇರಿ ಸೊಂಟನೋವಿನ ಅಪಾಯವನ್ನು ಸುಮಾರು ಶೇ. 45ರಷ್ಟು ತಗ್ಗಿಸಿದ್ದವು. ಸೊಂಟದ ಪಟ್ಟಿ, ಬೂಟಿನೊಳಗಿನ ಮೆತ್ತೆಗಳಿಂದ ಅಂಥ ಉಪಯೋಗ ಕಾಣಲಿಲ್ಲ.

ಜಗತ್ತಿನಲ್ಲಿ 2020ರಲ್ಲಿ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು. ನೀವೂ ಅವರಲ್ಲಿ ಒಬ್ಬರಾಗಿದ್ದರೆ, ತರಗತಿಗೆ ಸೇರಿದ ದಿನವೇ ನೋವು ಎಲ್ಲಿದೆ, ಕಾಲಿಗೆ ಇಳಿಯುತ್ತದೆಯೇ ಎಂದು ಗುರುಗಳಿಗೆ ಬಾಯಿಬಿಟ್ಟು ಹೇಳಿ. ಪಕ್ಕದವರಂತೆ ಬಗ್ಗಲು ಹೋಗಬೇಡಿ. ಕುರ್ಚಿ, ಪಟ್ಟಿ ಕೇಳಲು ಸಂಕೋಚ ಬೇಡ. ಯಾವುದಾದರೂ ಆಸನದಲ್ಲಿ ನೋವು ಕಾಲಿನ ಕೆಳಕ್ಕೆ ಸರಿದರೆ ಅದನ್ನು ಬಿಡಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ಜ್ವರವೋ ಬಿದ್ದ ಪೆಟ್ಟೋ ಜೊತೆಗಿದ್ದರೆ ಯೋಗಶಾಲೆಗೆ ಹೋಗುವುದು ಆಮೇಲಿರಲಿ, ಮೊದಲು ವೈದ್ಯರ ಬಳಿಗೆ ಹೋಗಿ.