ನಿಮಗಿದು ಗೊತ್ತೇ? ಪ್ರೋಟೀನ್ ಅಂಟದ ಸೋಸುಪೊರೆ

◆ ಹಸುವಿನ ಹಾಲಿನಲ್ಲಿ ಪ್ರೋಟೀನ್ ಸುಮಾರು ಶೇ 3.3. ಅದರ ಐದು ಪಾಲಿನಲ್ಲಿ ನಾಲ್ಕು ಪಾಲು ಕೇಸೀನ್. ಹಾಲು ಒಡೆದಾಗ ಗಡ್ಡೆಕಟ್ಟುವುದು ಅದೇ. ಉಳಿದ ಪ್ರೋಟೀನ್ ತಿಳಿನೀರಿನಲ್ಲಿ ಹೋಗುತ್ತದೆ.

◆ ಚನ್ನರಾಯಪಟ್ಟಣದ ನಂದಿನಿ ಘಟಕದಲ್ಲಿ ಹಾಲು ಪುಡಿಯಾಗುತ್ತದೆ. ಪುಡಿ ಬೇಕಾದರೆ ನೀರು ಇಂಗಿಸಬೇಕು. ಪ್ರೋಟೀನ್ ಮಾತ್ರ ಬೇಕಾದರೆ? ಜಗತ್ತಿನ ಡೇರಿಗಳು ಬಳಸುವುದು ಅಲ್ಟ್ರಾಫಿಲ್ಟ್ರೇಷನ್ ಪೊರೆ. ಇದರ ರಂಧ್ರಗಳು 1ರಿಂದ 100 ನ್ಯಾನೋಮೀಟರ್. ನೀರು, ಲವಣ, ಹಾಲಿನ ಸಕ್ಕರೆ ದಾಟುತ್ತವೆ, ಪ್ರೋಟೀನ್ ಹಿಂದುಳಿಯುತ್ತದೆ.

◆ ಹೀಗೆ ಸೋಸಿ ಗಟ್ಟಿಮಾಡಿದ ಹಾಲಿನಿಂದ ಚೀಸ್ ತಯಾರಿಸುವ ವಿಧಾನ ಫ್ರಾನ್ಸಿನಲ್ಲಿ ರೂಪುಗೊಂಡದ್ದು 1969ರಲ್ಲಿ.

◆ ಪೊರೆಗೆ ಹೆಚ್ಚಾಗಿ ಬಳಸುವುದು ಪಾಲಿಸಲ್ಫೋನ್, ಪಾಲಿಈಥರ್‌ಸಲ್ಫೋನ್. ಬಿಸಿಗೂ ಕಾಸ್ಟಿಕ್ ಸೋಡಾಕ್ಕೂ ಜಗ್ಗದ ಪ್ಲಾಸ್ಟಿಕ್‌ಗಳಿವು. ಆದರೆ ನೀರೆಂದರೆ ಆಗದು! ಪ್ರೋಟೀನಿನಲ್ಲೂ ನೀರಿಗೆ ಹಿಂಜರಿಯುವ ಭಾಗಗಳಿವೆ. ಅವು ಪೊರೆಗೆ ಅಂಟಿಕೊಳ್ಳುತ್ತವೆ, ಅವುಗಳ ಮೇಲೆ ಮತ್ತೊಂದು ಪದರ ಕೂರುತ್ತದೆ. ತಳಹಿಡಿದ ಹಾಲಿನ ಪಾತ್ರೆಯದೇ ಪಾಡು.

◆ ಪಿಎಚ್ 4.6ರ ಸುಮಾರಿಗೆ ಕೇಸೀನಿನ ಧನ, ಋಣ ವಿದ್ಯುದಂಶಗಳು ಸರಿಸಮವಾಗುತ್ತವೆ. ಒಂದನ್ನೊಂದು ದೂರ ತಳ್ಳುವ ಬಲ ಕುಗ್ಗಿ ಕಣಗಳು ಪೊರೆಯ ಮೇಲೂ ಗುಂಪುಗೂಡುತ್ತವೆ. ಹಾಲು ಹೆಪ್ಪಾಗುವುದಕ್ಕೂ ಇದೇ ಕಾರಣ.

◆ ಮದ್ದೇನು? ಪೊರೆಗೆ ನೀರಿನ ಸ್ನೇಹ ಕಲಿಸುವುದು. ಪಾಲಿವಿನೈಲ್‌ಪೈರೊಲಿಡೋನ್ ಬೆರೆಸಬಹುದು, ಪಾಲಿಎಥಿಲೀನ್ ಗ್ಲೈಕಾಲ್ ಎಳೆಗಳನ್ನು ಮೇಲ್ಮೈಗೆ ಕಸಿ ಮಾಡಬಹುದು. ನೀರಿನ ತೆಳುಪದರ ಮೊದಲೇ ಜಾಗ ಹಿಡಿದರೆ ಪ್ರೋಟೀನಿಗೆ ಕೂರಲು ನೆಲೆಯಿಲ್ಲ.

◆ ಹಾಸನದಿಂದ ಶಿರಾಡಿ ಘಾಟಿ ಇಳಿದರೆ ಸಿಗುವ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರುಣ್ ಇಸ್ಲೂರ್ ಅವರ ತಂಡ ಪಾಲಿಸಲ್ಫೋನಿಗೆ ಕೈಟೋಸಾನ್‌ನಿಂದ ಪಡೆದ ವಸ್ತುಗಳನ್ನು ಬೆರೆಸಿ ಪರೀಕ್ಷಿಸಿದೆ. ಕೈಟೋಸಾನ್ ಸಿಗುವುದು ಸಿಗಡಿ, ಏಡಿಗಳ ಚಿಪ್ಪಿನಿಂದ!

◆ ಪ್ರಯೋಗಾಲಯದಲ್ಲಿ ಪೊರೆಗೆ ಪರೀಕ್ಷೆ ಒಡ್ಡುವುದು ಹಸುವಿನ ರಕ್ತದ ಪ್ರೋಟೀನ್ ಆದ ಆಲ್ಬುಮಿನ್. ಅದನ್ನು ಸೋಸಿ, ತೊಳೆದ ಮೇಲೆ ಮೊದಲಿನಷ್ಟೇ ನೀರು ಹರಿದರೆ ಪೊರೆ ಪಾಸು.

◆ ನೀರಿನ ಸ್ನೇಹಕ್ಕೆಂದು ಕೊಟ್ಟ ಲೇಪ ಅತಿಯಾದರೂ ಕಷ್ಟ. ಪ್ರೋಟೀನ್ ಮುಚ್ಚುವ ಮುನ್ನ ಲೇಪವೇ ರಂಧ್ರ ಮುಚ್ಚೀತು!

◆ ಹೊಳೆನರಸೀಪುರವಿರಲಿ, ಅರಕಲಗೂಡಿರಲಿ, ಡಯಾಲಿಸಿಸ್‌ಗೆ ಮಲಗಿದವರ ರಕ್ತ ಹರಿಯುವುದೂ ಇಂಥ ಪೊರೆಯ ಸಾವಿರಾರು ಟೊಳ್ಳು ಎಳೆಗಳೊಳಗೆ. ಒಂದೊಂದರ ಒಳವ್ಯಾಸ ಸುಮಾರು 0.2 ಮಿಲಿಮೀಟರ್. ಬಹುಪಾಲು ಪಾಲಿಸಲ್ಫೋನ್ ಎಳೆಗಳಿಗೆ ಪಾಲಿವಿನೈಲ್‌ಪೈರೊಲಿಡೋನ್ ಬೆರೆಸಿರುತ್ತಾರೆ. ಯೂರಿಯಾ ಹೊರಹೋಗಬೇಕು, ಆಲ್ಬುಮಿನ್ ದೇಹದಲ್ಲೇ ಉಳಿಯಬೇಕು. ಡೇರಿಯಲ್ಲಿ ಪೊರೆ ಕಟ್ಟಿಕೊಂಡರೆ ನಷ್ಟ ಹಣದ್ದು, ಇಲ್ಲಿ ರಕ್ತಶುದ್ಧಿಯೇ ಕುಂಠಿತ.